ವಲಸೆಯ ದೂರವೂ ಹಕ್ಕಿಯ ಮೈಯೊಳಗಿನ ಪರಾವಲಂಬಿಯೂ: ತುಂಗಭದ್ರೆಯ ದಂಡೆಯಲ್ಲಿ ಅಧ್ಯಯನ ನಡೆಸುವ ಬಗೆ

ಹಿಂಗಾರಿ ಜೋಳ ಹಾಲುಗಾಳಿಗೆ ಬರುವ ಹೊತ್ತಿಗೆ ರಾಯಚೂರು, ಸಿರುಗುಪ್ಪ ಕಡೆಯ ಎರೆ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡುಗಳು ಇಳಿಯುತ್ತವೆ. ಅದೇ ತಿಂಗಳುಗಳಲ್ಲಿ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹಿಂದೆ ಸರಿದು ಕೊಪ್ಪಳದ ಬದಿಯ ಕೆಸರು ತೆರೆದುಕೊಂಡಂತೆ ಪಟ್ಟೆತಲೆ ಹೆಬ್ಬಾತು, ಸೂಜಿಬಾಲದ ಬಾತುಗಳು ಅಲ್ಲಿ ಮೇಯತೊಡಗುತ್ತವೆ. ಇವು ಕಜಕಸ್ತಾನ, ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ, ಸೈಬೀರಿಯಾದಂಥ ದೂರದ ನೆಲಗಳಲ್ಲಿ ಮರಿ ಮಾಡುವ ಹಕ್ಕಿಗಳು. ಅವುಗಳ ಪಕ್ಕದಲ್ಲೇ ಮೇಯುವ ಗೊರವಂಕ, ಕರಿತಲೆ ಕಬ್ಬಕ್ಕಿ, ವರಟೆ ಬಾತುಗಳು ವರ್ಷಪೂರ್ತಿ ಇಲ್ಲಿಯೇ ಇರುವಂಥವು. ಒಂದೇ ಹೊಲ, ಒಂದೇ ನೀರು, ಒಂದೇ ಸೊಳ್ಳೆ. ಆದರೆ ಒಂದರ ಹಿಂದೆ ಸಾವಿರಾರು ಕಿಲೋಮೀಟರ್ ಹಾದಿಯಿದೆ, ಇನ್ನೊಂದರ ಹಿಂದೆ ಇಲ್ಲ. ಹೆಚ್ಚು ದೂರ ಹಾರುವ ಹಕ್ಕಿಯ ಮೈಯಲ್ಲಿ ಪರಾವಲಂಬಿಗಳು ಹೆಚ್ಚಿರುತ್ತವೆಯೇ ಕಡಿಮೆಯಿರುತ್ತವೆಯೇ ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಅನುಕೂಲವಾದ ನೆಲ ಅಪರೂಪ. ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು, ಅವರಿಗೆ ಮಾರ್ಗದರ್ಶನ ನೀಡುವ ಅಧ್ಯಾಪಕರು ಮತ್ತು ಶ್ರದ್ಧೆಯುಳ್ಳ ಪಕ್ಷಿವೀಕ್ಷಕರು ಈ ಅಧ್ಯಯನವನ್ನು ಹೇಗೆ ಕಟ್ಟಿಕೊಳ್ಳಬಹುದೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

ವಲಸೆಗೂ ಸೋಂಕಿಗೂ ಇರುವ ನಂಟನ್ನು ವಿಜ್ಞಾನಿಗಳು ಮುಖ್ಯವಾಗಿ ಮೂರು ಬಗೆಯಲ್ಲಿ ವಿವರಿಸುತ್ತಾರೆ. ಹಕ್ಕಿ ಹಾದುಹೋಗುವ ಪ್ರತಿಯೊಂದು ತಂಗುದಾಣದಲ್ಲಿಯೂ ಹೊಸ ಸೊಳ್ಳೆ, ಹೊಸ ನೀರು, ಹೊಸ ಬಸವನಹುಳು ಎದುರಾಗುವುದರಿಂದ ದೂರ ಹೆಚ್ಚಿದಂತೆ ಪರಾವಲಂಬಿಗಳ ವೈವಿಧ್ಯವೂ ಹೆಚ್ಚಬೇಕು ಎಂಬುದು ಮೊದಲನೆಯದು. ಋತು ಮುಗಿದೊಡನೆ ಸೋಂಕಿನ ಜಾಗವನ್ನು ತೊರೆದು ಹೋಗುವುದರಿಂದ ಹಕ್ಕಿ ಸೋಂಕಿನಿಂದ ತಪ್ಪಿಸಿಕೊಳ್ಳುತ್ತದೆ ಎಂಬುದು ಎರಡನೆಯದು. ಸೋಂಕಿನಿಂದ ಬಳಲಿದ ಹಕ್ಕಿ ದೂರದ ಹಾರಾಟವನ್ನು ತಾಳಲಾರದೆ ದಾರಿಯಲ್ಲೇ ಸಾಯುತ್ತದೆ, ಹೀಗಾಗಿ ವಲಸೆಯೇ ಹಿಂಡನ್ನು ಸೋಸುತ್ತದೆ ಎಂಬುದು ಮೂರನೆಯದು. ಮೂರಕ್ಕೂ ಆಧಾರಗಳಿವೆ. ಬಾತು ಹೆಬ್ಬಾತುಗಳ ಪ್ರಭೇದಗಳನ್ನು ಹೋಲಿಸಿದ, 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಲಸೆ ಹೆಚ್ಚಿದ ಪ್ರಭೇದಗಳಲ್ಲಿ ರಕ್ತದ ಪರಾವಲಂಬಿಗಳ ಕುಲಗಳು ಹೆಚ್ಚು ಕಂಡುಬಂದವು. ಅಮೆರಿಕದ ಜುಂಕೊ ಎಂಬ ಪುಟ್ಟ ಹಕ್ಕಿಯಲ್ಲಿ ಇದಕ್ಕೆ ವಿರುದ್ಧವಾಗಿ, ಒಂದೇ ಜಾಗದಲ್ಲಿ ಚಳಿಗಾಲ ಕಳೆಯುವ ವಲಸಿಗರಿಗಿಂತ ನೆಲೆನಿಂತ ಹಕ್ಕಿಗಳಲ್ಲಿಯೇ ಸೋಂಕು ಹೆಚ್ಚಿರುವುದು 2018ರಲ್ಲಿ ವರದಿಯಾಯಿತು. ಮೊನಾರ್ಕ್ ಚಿಟ್ಟೆಗಳಲ್ಲಿ ಸೋಂಕು ತಗುಲಿದವು ಕಡಿಮೆ ದೂರ ಹಾರುತ್ತವೆ ಎಂಬುದು ಪ್ರಯೋಗಗಳಿಂದಲೇ ತಿಳಿದಿದೆ.

ನಾವು ಕುಳಿತಿರುವುದು ವಲಸೆಯ ಹಾದಿಯ ತುದಿಯಲ್ಲಿ ಎಂಬುದನ್ನು ಮರೆಯಬಾರದು. ಹಿನ್ನೀರಿಗೆ ಬಂದಿಳಿದ ಹೆಬ್ಬಾತು ಹಿಮಾಲಯ ದಾಟಿ ಬದುಕಿ ಬಂದದ್ದು. ಬಾರದೆ ಉಳಿದದ್ದರ ಲೆಕ್ಕ ನಮ್ಮ ಬಳಿ ಇಲ್ಲ. ಆದ್ದರಿಂದ ನಮ್ಮಲ್ಲಿ ಸೋಂಕು ಕಡಿಮೆ ಕಂಡರೆ, ಹಕ್ಕಿ ಸೋಂಕಿನಿಂದ ತಪ್ಪಿಸಿಕೊಂಡಿತೋ ಅಥವಾ ಸೋಂಕಿದ್ದವು ದಾರಿಯಲ್ಲಿ ಕಳೆದುಹೋದವೋ ಎಂದು ಒಂದು ಸಲದ ಮಾದರಿಯಿಂದ ಹೇಳಲು ಬರುವುದಿಲ್ಲ. ಬಂದ ಹೊಸತರಲ್ಲಿ, ಅಂದರೆ ಅಕ್ಟೋಬರ್–ನವೆಂಬರ್‌ನಲ್ಲಿ ಒಮ್ಮೆ, ಹೊರಡುವ ಮುನ್ನ ಫೆಬ್ರುವರಿ–ಮಾರ್ಚ್‌ನಲ್ಲಿ ಇನ್ನೊಮ್ಮೆ ಮಾದರಿ ತೆಗೆಯಲೇಬೇಕು. ಎರಡರ ನಡುವಿನ ಅಂತರವೇ ಇಲ್ಲಿ ಏನು ಸೇರಿತು, ಅಲ್ಲಿಂದ ಏನು ಬಂದಿತು ಎಂಬುದರ ಸುಳಿವನ್ನು ಕೊಡುತ್ತದೆ. ಇಡೀ ಅಧ್ಯಯನದಲ್ಲಿ ಒಂದೇ ನಿಯಮವನ್ನು ಪಾಲಿಸಲು ಸಾಧ್ಯವಿದ್ದರೆ ಅದು ಇದೇ ಆಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಹಕ್ಕಿಗಳನ್ನು ಜೋಡಿಯಾಗಿ ಆರಿಸಿಕೊಳ್ಳಿ

ಹತ್ತಾರು ಪ್ರಭೇದಗಳನ್ನು ಒಟ್ಟಿಗೆ ರಾಶಿ ಹಾಕಿ ವಲಸಿಗ, ಸ್ಥಳೀಯ ಎಂದು ಎರಡು ಗುಂಪು ಮಾಡಿದರೆ ಉತ್ತರ ಕೆಡುತ್ತದೆ, ಏಕೆಂದರೆ ಬಾತಿಗೂ ಗುಬ್ಬಿಗೂ ಇರುವ ವ್ಯತ್ಯಾಸ ವಲಸೆಯೊಂದರದ್ದೇ ಅಲ್ಲ; ಮೈತೂಕ, ಆಹಾರ, ಗೂಡು, ವಂಶ ಎಲ್ಲವೂ ಬೇರೆ. ಹತ್ತಿರದ ಬಂಧುಗಳನ್ನು ಜೋಡಿಸಿಕೊಳ್ಳುವುದು ಲೇಸು. ಗುಲಾಬಿ ಕಬ್ಬಕ್ಕಿಗೆ ಗೊರವಂಕ ಮತ್ತು ಕರಿತಲೆ ಕಬ್ಬಕ್ಕಿ ಒಳ್ಳೆಯ ಜೋಡಿ: ಒಂದೇ ಕುಟುಂಬ, ಹೆಚ್ಚು ಕಡಿಮೆ ಒಂದೇ ಮೇವು, ಎಷ್ಟೋ ಕಡೆ ಒಂದೇ ಮರದಲ್ಲಿ ರಾತ್ರಿವಾಸ. ಸೂಜಿಬಾಲದ ಬಾತಿಗೆ ಅದೇ ಕುಲದ ವರಟೆ ಸರಿಹೊಂದುತ್ತದೆ. ಪಟ್ಟೆತಲೆ ಹೆಬ್ಬಾತಿಗೆ ಇಲ್ಲಿ ನೆಲೆನಿಂತ ಹತ್ತಿರದ ಬಂಧು ಇಲ್ಲವಾದ್ದರಿಂದ ಅದನ್ನು ಬಂದ ಸಮಯ ಮತ್ತು ಹೊರಡುವ ಸಮಯದ ಹೋಲಿಕೆಗೆ ಮಾತ್ರ ಬಳಸಬೇಕು. ಮಳೆಯನ್ನು ಹಿಂಬಾಲಿಸಿ ಕೆರೆಯಿಂದ ಕೆರೆಗೆ ಅಲೆಯುವ ಕೊಕ್ಕರೆಗಳಂಥ ಹಕ್ಕಿಗಳು ಪೂರ್ಣ ಸ್ಥಳೀಯವೂ ಅಲ್ಲ, ವಲಸಿಗವೂ ಅಲ್ಲ; ಅವುಗಳಿಗೆ ಪ್ರತ್ಯೇಕ ಗುಂಪು ಇರಲಿ.

ದೂರವನ್ನು ಅಳೆಯುವುದು

ದೂರವನ್ನು 'ಹತ್ತಿರ', 'ದೂರ' ಎಂದು ಬರೆಯದೆ ಕಿಲೋಮೀಟರ್‌ನಲ್ಲಿಯೇ ಬರೆಯಬೇಕು. ಸರಳ ಉದಾಹರಣೆಯೊಂದನ್ನು ನೋಡೋಣ. ಬಳ್ಳಾರಿ ಸುಮಾರು 15.1 ಡಿಗ್ರಿ ಉತ್ತರ ಅಕ್ಷಾಂಶ, 76.9 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಗುಲಾಬಿ ಕಬ್ಬಕ್ಕಿಗಳು ಮರಿ ಮಾಡುವ ಕಜಕಸ್ತಾನದ ಆಗ್ನೇಯ ಭಾಗದಲ್ಲಿರುವ ಅಲ್ಮಾಟಿ ನಗರ ಸುಮಾರು 43.2 ಡಿಗ್ರಿ ಉತ್ತರದಲ್ಲಿದ್ದು, ರೇಖಾಂಶ ಬಹುಮಟ್ಟಿಗೆ ಬಳ್ಳಾರಿಯದೇ ಆಗಿದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್ ಎಂದು ಹಿಡಿದರೆ 28.1 ಡಿಗ್ರಿಗೆ 3,100 ಕಿಲೋಮೀಟರ್‌ಗೂ ತುಸು ಹೆಚ್ಚು. ರೇಖಾಂಶವೂ ಬದಲಾಗುವ ಕಡೆ ಭೂಗೋಳದ ಮೇಲಿನ ಕನಿಷ್ಠ ದೂರವನ್ನು ಹ್ಯಾವರ್ಸೈನ್ ಸೂತ್ರದಿಂದ ತೆಗೆಯಬೇಕು. ಸಾಮಾನ್ಯ ಸ್ಪ್ರೆಡ್‌ಶೀಟಿನಲ್ಲಿಯೇ ಇದನ್ನು ಮಾಡಬಹುದು.

ಈ ಅಂಕಿ ಕನಿಷ್ಠ ದೂರ ಮಾತ್ರ. ಹಿಮಾಲಯ ಮತ್ತು ಟಿಬೆಟ್ಟನ್ನು ನೇರವಾಗಿ ದಾಟದೆ ಪಶ್ಚಿಮಕ್ಕೆ ಬಳಸಿ ಬರುವ ಹಕ್ಕಿಯ ನಿಜವಾದ ಹಾದಿ ಇನ್ನೂ ಉದ್ದ. ಹೆಬ್ಬಾತುಗಳು ಪರ್ವತಗಳನ್ನೇ ದಾಟುತ್ತವೆ. ಸಲಕರಣೆ ಅಳವಡಿಸಿದ ಹೆಬ್ಬಾತುಗಳು 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ ದಾಖಲೆಯಿದೆ. ಇನ್ನು ಗುಲಾಬಿ ಕಬ್ಬಕ್ಕಿಯು ಮಿಡತೆಗಳ ಹಿಂದೆ ಹೋಗುವ ಹಕ್ಕಿಯಾದ್ದರಿಂದ ಅದು ಮರಿ ಮಾಡುವ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಪ್ರಭೇದದ ಸಂತಾನ ಪ್ರದೇಶದ ನಡುಭಾಗಕ್ಕೆ ಒಂದು ಅಂಕಿ, ಅದರ ಹತ್ತಿರದ ಮತ್ತು ದೂರದ ಅಂಚುಗಳಿಗೆ ಎರಡು ಅಂಕಿ, ಹೀಗೆ ಮೂರನ್ನೂ ಬರೆದಿಟ್ಟುಕೊಳ್ಳಬೇಕು.

ಒಂದೊಂದು ಹಕ್ಕಿಯ ದೂರವನ್ನು ತಿಳಿಯುವ ದಾರಿಗಳೂ ಇವೆ. ಕಾಲುಂಗುರ ಅಥವಾ ಕೊರಳಪಟ್ಟಿಯ ಸಂಖ್ಯೆಯನ್ನು ದುರ್ಬೀನಿನಲ್ಲಿ ಓದುವುದು ಎಲ್ಲಕ್ಕಿಂತ ಅಗ್ಗ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗರಿಯಲ್ಲಿರುವ ಭಾರಜಲಜನಕದ (ಡ್ಯೂಟೀರಿಯಂ, ಅಂದರೆ ಜಲಜನಕದ ಭಾರವಾದ ರೂಪ) ಪ್ರಮಾಣವನ್ನು ಅಳೆದು ಆ ಗರಿ ಬೆಳೆದ ಅಕ್ಷಾಂಶವನ್ನು ಅಂದಾಜು ಮಾಡಬಹುದು, ಆದರೆ ಆ ಪ್ರಭೇದವು ಗರಿ ಉದುರಿಸಿ ಹೊಸ ಗರಿ ಬೆಳೆಸುವುದು ಎಲ್ಲಿ ಎಂಬುದು ಮೊದಲೇ ತಿಳಿದಿರಬೇಕು. ಚಳಿಗಾಲದ ನೆಲೆಯಲ್ಲಿ ಬೆಳೆದ ಗರಿ ನಮ್ಮೂರಿನ ನೀರನ್ನಷ್ಟೇ ಹೇಳುತ್ತದೆ. ಜಿಪಿಎಸ್ ಸಲಕರಣೆಯ ತೂಕ ಹಕ್ಕಿಯ ತೂಕದ ಶೇ. 3ನ್ನು ಮೀರಬಾರದೆಂಬ ರೂಢಿಯಿರುವುದರಿಂದ, ಸುಮಾರು 70 ಗ್ರಾಂ ತೂಗುವ ಕಬ್ಬಕ್ಕಿಗೆ ಎರಡು ಗ್ರಾಂ ಮಾತ್ರ ಉಳಿಯುತ್ತದೆ. ಕಾಲೇಜಿನ ಮಟ್ಟದ ಯೋಜನೆಗೆ ಇದು ನಿಲುಕುವ ಮಾತಲ್ಲ.

ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಹಿಡಿಯುವುದು ಅಪರಾಧ. ವೈಜ್ಞಾನಿಕ ಉದ್ದೇಶಕ್ಕೆ 12ನೇ ಕಲಮಿನಡಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಅನುಮತಿ ಪಡೆಯಬೇಕು. ಬಲೆ ಹಾಕುವುದು, ರಕ್ತ ತೆಗೆಯುವುದು, ಗರಿ ಕೀಳುವುದು ಎಲ್ಲವನ್ನೂ ಅರ್ಜಿಯಲ್ಲಿ ಹೆಸರಿಸಿರಬೇಕು. ಅರ್ಜಿಯನ್ನು ಸಂಸ್ಥೆಯ ಮೂಲಕವೇ ಸಲ್ಲಿಸಿ, ಹಕ್ಕಿ ಬರುವ ಋತುವಿಗಿಂತ ಬಹಳ ಮುಂಚೆಯೇ ಸಲ್ಲಿಸಿ. ತರಬೇತಿಯಿಲ್ಲದವರು ಬಲೆಯಿಂದ ಹಕ್ಕಿ ಬಿಡಿಸಲು ಹೋದರೆ ರೆಕ್ಕೆ ಮುರಿಯುತ್ತದೆ. ಹಕ್ಕಿಗೆ ಉಂಗುರ ತೊಡಿಸುವ ತರಬೇತಿ ಪಡೆದವರು ತಂಡದಲ್ಲಿ ಇಲ್ಲದಿದ್ದರೆ ರಕ್ತದ ಭಾಗವನ್ನು ಕೈಬಿಡುವುದೇ ಸರಿ. ಹಿಕ್ಕೆಯ ಮಾದರಿಗೂ ವಲಯ ಅರಣ್ಯಾಧಿಕಾರಿಗೆ ಬರಹದಲ್ಲಿ ತಿಳಿಸಿ, ಹೊಲದ ರೈತರನ್ನು ಕೇಳಿಯೇ ಇಳಿಯಿರಿ. ಕವಣೆ ಹಿಡಿದು ಹಕ್ಕಿ ಕಾಯುವವರಿಗೆ ಹಿಂಡು ಎಂದು ಬರುತ್ತದೆ, ಯಾವ ಮರದಲ್ಲಿ ರಾತ್ರಿ ಕೂರುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಿಕ್ಕೆಯಿಂದ ಆರಂಭಿಸುವುದು

ಹಕ್ಕಿಯನ್ನು ಮುಟ್ಟದೆಯೇ ಕರುಳಿನ ಪರಾವಲಂಬಿಗಳನ್ನು ನೋಡಲು ಹಿಕ್ಕೆ ಸಾಕು, ಮತ್ತು ಮೊದಲ ವರ್ಷಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಕಷ್ಟವಿರುವುದು ಗುರುತಿನಲ್ಲಿ. ಕಬ್ಬಕ್ಕಿಗಳು ಗೊರವಂಕಗಳೊಂದಿಗೆ ಬೆರೆತು ಕೂರುವ ಮರದ ಕೆಳಗಿನ ಹಿಕ್ಕೆ ಯಾರದೆಂದು ಹೇಳಲಾಗದು. ಒಂದೇ ಪ್ರಭೇದದ ಹಿಂಡು ಬಯಲಿನಲ್ಲಿ ಅಥವಾ ಕೆಸರಿನ ಅಂಚಿನಲ್ಲಿ ಅರ್ಧ ಗಂಟೆಯಾದರೂ ಕೂತಿರುವುದನ್ನು ದೂರದಿಂದ ನೋಡಿ, ಅದು ತಾನಾಗಿ ಎದ್ದುಹೋದ ಮೇಲೆ, ಇನ್ನೂ ಹಸಿಯಿರುವ ಹಿಕ್ಕೆಯನ್ನು ಮಾತ್ರ ಎತ್ತಬೇಕು. ಒಂದೇ ಹಕ್ಕಿಯ ಎರಡು ಹಿಕ್ಕೆ ಎರಡು ಹಕ್ಕಿಗಳೆಂದು ಲೆಕ್ಕಕ್ಕೆ ಬಾರದಂತೆ, ಎತ್ತುವ ಹಿಕ್ಕೆಗಳ ನಡುವೆ ಕೆಲವು ಹೆಜ್ಜೆಗಳ ಅಂತರವಿರಲಿ. ನೆಲಕ್ಕೆ ತಾಗಿದ ಭಾಗವನ್ನು ಬಿಟ್ಟು ಮೇಲ್ಭಾಗವನ್ನು ತೆಗೆಯಿರಿ. ಇಲ್ಲವಾದರೆ ಮಣ್ಣಿನ ಹುಳುಗಳು ಲೆಕ್ಕಕ್ಕೆ ಸೇರುತ್ತವೆ.

ಹೊತ್ತನ್ನು ತಪ್ಪದೆ ಬರೆಯಬೇಕು. ಕಬ್ಬಕ್ಕಿ, ಗುಬ್ಬಿಗಳಂಥ ಹಕ್ಕಿಗಳಲ್ಲಿ ಐಸೊಸ್ಪೊರಾ ಎಂಬ ಏಕಕೋಶ ಪರಾವಲಂಬಿಯ ಅಂಡಕೋಶಗಳು (ಊಸಿಸ್ಟ್, ಹಿಕ್ಕೆಯಲ್ಲಿ ಹೊರಬರುವ ಮೊಟ್ಟೆಯಂಥ ಹಂತ) ಮಧ್ಯಾಹ್ನದ ನಂತರ, ಸಂಜೆಯ ಕಡೆಗೆ ಅತಿ ಹೆಚ್ಚಾಗಿ ಹೊರಬರುತ್ತವೆ. ಬೆಳಿಗ್ಗೆ ವಲಸಿಗರಿಂದಲೂ ಸಂಜೆ ಸ್ಥಳೀಯ ಹಕ್ಕಿಗಳಿಂದಲೂ ಮಾದರಿ ತೆಗೆದರೆ ಗಡಿಯಾರದ ವ್ಯತ್ಯಾಸವೇ ವಲಸೆಯ ವ್ಯತ್ಯಾಸದಂತೆ ಕಾಣುತ್ತದೆ. ಎರಡೂ ಪ್ರಭೇದಗಳಿಗೆ ಮಧ್ಯಾಹ್ನ ಮೂರರಿಂದ ಸೂರ್ಯಾಸ್ತದವರೆಗಿನ ಒಂದೇ ಅವಧಿಯನ್ನು ನಿಗದಿಪಡಿಸಿ.

ಮಾದರಿಯನ್ನು ಮೂರು ಪಾಲು ಮಾಡಿ. ಒಂದು ಪಾಲು ಶೇ. 2.5ರ ಪೊಟ್ಯಾಸಿಯಂ ಡೈಕ್ರೊಮೇಟ್ ದ್ರಾವಣಕ್ಕೆ: ಅದರಲ್ಲಿ ಅಂಡಕೋಶಗಳು ಕೆಲವು ದಿನಗಳಲ್ಲಿ ಬಲಿತು ಒಳರಚನೆ ತೋರುತ್ತವೆ. ಒಳಗೆ ಎರಡು ಚೀಲಗಳಿದ್ದು ಒಂದೊಂದರಲ್ಲಿ ನಾಲ್ಕು ಜೀವಕಣಗಳಿದ್ದರೆ ಐಸೊಸ್ಪೊರಾ. ನಾಲ್ಕು ಚೀಲಗಳಲ್ಲಿ ಎರಡೆರಡು ಇದ್ದರೆ ಐಮೀರಿಯಾ. ಡೈಕ್ರೊಮೇಟ್ ವಿಷಕಾರಿಯಾದ್ದರಿಂದ ಕೈಗವಸು ಕಡ್ಡಾಯ, ಚರಂಡಿಗೆ ಸುರಿಯುವುದು ಸಲ್ಲದು. ಎರಡನೆಯ ಪಾಲು ಶೇ. 10ರ ಫಾರ್ಮಲಿನ್‌ಗೆ, ಹುಳುಗಳ ಮೊಟ್ಟೆ ನೋಡಲು. ಮೂರನೆಯದು ಎಥನಾಲ್‌ಗೆ, ಡಿಎನ್‌ಎ ಪರೀಕ್ಷೆಗೆ. ಮೊಟ್ಟೆಗಳನ್ನು ಮೇಲೆ ತೇಲಿಸಲು ಉಪ್ಪಿನ ಗರಿಷ್ಠ ದ್ರಾವಣ ಸಾಕಾಗುತ್ತದೆ: ನೀರಿಗೆ ಉಪ್ಪನ್ನು ಕರಗದೆ ತಳದಲ್ಲಿ ಉಳಿಯುವವರೆಗೆ ಬೆರೆಸಿ, ಸೋಸಿದ ಹಿಕ್ಕೆಯನ್ನು ಅದರಲ್ಲಿ ಕದಡಿ, ಕೊಳವೆಯ ಬಾಯಿಗೆ ಕವರ್‌ಸ್ಲಿಪ್ ಇಟ್ಟು ಹದಿನೈದಿಪ್ಪತ್ತು ನಿಮಿಷ ಬಿಡಬೇಕು. ಚಪ್ಪಟೆ ಹುಳುಗಳ ಮೊಟ್ಟೆಗಳು ಭಾರವಾಗಿದ್ದು ಉಪ್ಪುನೀರಿನಲ್ಲಿ ಚೆನ್ನಾಗಿ ತೇಲುವುದಿಲ್ಲ. ಬಾತುಗಳಲ್ಲಿ ಇವೇ ಮುಖ್ಯವಾದ್ದರಿಂದ ತಳಕ್ಕೆ ಇಳಿಸಿ ನೋಡುವ ವಿಧಾನವನ್ನೂ ಮಾಡಬೇಕು. ಈ ಹುಳುಗಳ ಜೀವನಚಕ್ರಕ್ಕೆ ಬಸವನಹುಳು ಬೇಕು, ನಮ್ಮ ಕಾಲುವೆ ಮತ್ತು ಗದ್ದೆಗಳಲ್ಲಿ ಅದಕ್ಕೆ ಕೊರತೆಯಿಲ್ಲ.

ರಕ್ತದ ಲೇಪ

ಹಕ್ಕಿಗಳ ರಕ್ತದಲ್ಲಿ ಮುಖ್ಯವಾಗಿ ಮೂರು ಕುಲಗಳನ್ನು ಹುಡುಕುತ್ತೇವೆ: ಸೊಳ್ಳೆ ಹರಡುವ, ಮಲೇರಿಯಾ ತರುವ ಪ್ಲಾಸ್ಮೋಡಿಯಂ, ಕಚ್ಚುವ ನುಸಿ ಅಥವಾ ಗರಿಗಳ ನಡುವೆ ಓಡಾಡುವ ಚಪ್ಪಟೆ ನೊಣ ಹರಡುವ ಹೀಮೊಪ್ರೋಟಿಯಸ್, ಹರಿಯುವ ನೀರಿನಲ್ಲಿ ಬೆಳೆಯುವ ಕಪ್ಪು ನೊಣ ಹರಡುವ ಲ್ಯೂಕೊಸೈಟೊಜೂನ್. ರಾಯಚೂರಿನಿಂದ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕುರುಹನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಸೊಳ್ಳೆಯ ಕಡಿತದಿಂದಲೇ ರೋಗ ಹರಡುತ್ತದೆಂದು ಅವರು ತೋರಿಸಿದ್ದು ಹಕ್ಕಿಗಳ ಮಲೇರಿಯಾದ ಮೂಲಕ.

ರೆಕ್ಕೆಯ ಒಳಬದಿಯ ರಕ್ತನಾಳದಿಂದ ತೆಗೆಯುವ ರಕ್ತ ಮೈತೂಕದ ಶೇ. 1ನ್ನು ಎಂದಿಗೂ ಮೀರಬಾರದು. ನಮಗೆ ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ, ಲೇಪಗಳಿಗೆ ಎರಡು ಹನಿ, ಡಿಎನ್‌ಎಗೆ ಒಂದು ಹನಿ. ಗಾಜಿನ ಮೇಲೆ ತೆಳುವಾಗಿ ಎಳೆದ ಲೇಪವನ್ನು ತಕ್ಷಣ ಗಾಳಿಗೆ ಒಣಗಿಸಿ, ಶುದ್ಧ ಮಿಥನಾಲ್‌ನಲ್ಲಿ ಅದೇ ದಿನ ಸ್ಥಿರಗೊಳಿಸಬೇಕು. ಸ್ಥಿರಗೊಳಿಸದ ಗಾಜುಗಳನ್ನು ರಾತ್ರಿ ತೆರೆದಿಟ್ಟರೆ ಇರುವೆ, ನೊಣ, ಜಿರಲೆಗಳು ಲೇಪವನ್ನೇ ತಿಂದುಬಿಡುತ್ತವೆ. ಬಳ್ಳಾರಿ, ಸಂಡೂರು ಕಡೆಯ ಕೆಂಪು ದೂಳು ಒಣಗುವ ಲೇಪದ ಮೇಲೆ ಕೂತರೆ ಆಮೇಲೆ ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿಯ ವರ್ಣಕಣದಂತೆಯೇ ಕಾಣುತ್ತದೆ. ಮುಚ್ಚಳವಿರುವ ಪೆಟ್ಟಿಗೆಯಲ್ಲಿಯೇ ಒಣಗಿಸಿ. ಗೀಮ್ಸಾ ಬಣ್ಣವನ್ನು ಶೇ. 10ರಷ್ಟು, ಪಿಎಚ್ 7.2ರ ಬಫರ್‌ನಲ್ಲಿ ಬೆರೆಸಿ ಸುಮಾರು ಒಂದು ಗಂಟೆ ಇಡಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಬಣ್ಣವನ್ನು ಕೆಡಿಸುತ್ತದೆ, ಬಟ್ಟಿ ಇಳಿಸಿದ ನೀರನ್ನೇ ಬಳಸಿ.

ನೋಡುವಾಗ ನೆನಪಿಡಬೇಕಾದದ್ದು: ಹಕ್ಕಿಯ ಕೆಂಪು ರಕ್ತಕಣದಲ್ಲಿ ಉದ್ದನೆಯ ಕೋಶಕೇಂದ್ರ ಇರುತ್ತದೆ, ಅದು ಸಹಜ. ಆ ಕೇಂದ್ರದ ಪಕ್ಕದಲ್ಲಿ ಅರ್ಧಚಂದ್ರದಂತೆ ಬಾಗಿ, ಒಳಗೆ ಕಂದುಗಪ್ಪು ಕಣಗಳನ್ನು ತುಂಬಿಕೊಂಡು ಕೂತದ್ದು ಹೀಮೊಪ್ರೋಟಿಯಸ್ ಅಥವಾ ಪ್ಲಾಸ್ಮೋಡಿಯಂನ ಲಿಂಗರೂಪ (ಗಂಡು ಅಥವಾ ಹೆಣ್ಣು ಹಂತ). ಒಂದೇ ಕಣದೊಳಗೆ ವಿಭಜನೆಯಾಗುತ್ತಿರುವ ಗುಂಪು ಕಂಡರೆ ಮಾತ್ರ ಪ್ಲಾಸ್ಮೋಡಿಯಂ ಎಂದು ಧೈರ್ಯವಾಗಿ ಬರೆಯಬಹುದು, ಏಕೆಂದರೆ ಹೀಮೊಪ್ರೋಟಿಯಸ್ ಹರಿಯುವ ರಕ್ತದಲ್ಲಿ ವಿಭಜನೆಯಾಗುವುದಿಲ್ಲ. ಲ್ಯೂಕೊಸೈಟೊಜೂನ್‌ನಲ್ಲಿ ಆ ಕಂದು ಕಣಗಳೇ ಇರುವುದಿಲ್ಲ, ಮತ್ತು ಅದು ಕೂತ ಕಣ ಊದಿ ಆಕಾರವನ್ನೇ ಕಳೆದುಕೊಂಡಿರುತ್ತದೆ. ಮೊದಲು 400 ಪಟ್ಟಿನಲ್ಲಿ ಇಡೀ ಲೇಪವನ್ನು ನೋಡಿ, ಆಮೇಲೆ ಎಣ್ಣೆ ಹಾಕಿ 1,000 ಪಟ್ಟಿನಲ್ಲಿ ಕನಿಷ್ಠ 100 ನೋಟಕ್ಷೇತ್ರಗಳನ್ನು ಎಣಿಸಿ. ಎಣಿಸುವವರಿಗೆ ಗಾಜು ಯಾವ ಹಕ್ಕಿಯದೆಂದು ತಿಳಿದಿರಬಾರದು.

ಚಳಿಗಾಲದಲ್ಲಿ ಹಳೆಯ ಸೋಂಕು ರಕ್ತದಿಂದ ಬಹುಮಟ್ಟಿಗೆ ಮರೆಯಾಗಿ ಒಳ ಅಂಗಗಳಲ್ಲಿ ಅಡಗಿರುತ್ತದೆ ಮತ್ತು ಸಂತಾನದ ಋತುವಿನಲ್ಲಿ ಮತ್ತೆ ರಕ್ತಕ್ಕೆ ಬರುತ್ತದೆ. ಲೇಪದಲ್ಲಿ ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ. ಹಾಗಾಗಿ ನೆಸ್ಟೆಡ್ ಪಿಸಿಆರ್ (ಡಿಎನ್‌ಎ ತುಣುಕನ್ನು ಎರಡು ಸುತ್ತಿನಲ್ಲಿ ನಕಲು ಮಾಡಿ ಹೆಚ್ಚಿಸುವ ವಿಧಾನ) ಮೂಲಕ ಪರಾವಲಂಬಿಯ ಸೈಟೊಕ್ರೋಮ್ ಬಿ ವಂಶವಾಹಿಯ ತುಣುಕನ್ನು ಹೆಚ್ಚಿಸಿ, ಅದರ ಅನುಕ್ರಮವನ್ನು ಮಾಲ್‌ಏವಿ ಎಂಬ, ಹಕ್ಕಿಗಳ ರಕ್ತದ ಪರಾವಲಂಬಿಗಳ ಮುಕ್ತ ದತ್ತಸಂಚಯದೊಂದಿಗೆ ಹೋಲಿಸಬೇಕು. ಪಿಸಿಆರ್‌ಗೂ ಮಿತಿಯಿದೆ: ಹಕ್ಕಿಯಲ್ಲಿ ಬೆಳೆಯದೆ ಸತ್ತ ಪರಾವಲಂಬಿಯ ಡಿಎನ್‌ಎಯನ್ನೂ ಅದು ತೋರಿಸುತ್ತದೆ. ಎರಡೂ ಪರೀಕ್ಷೆ ಒಟ್ಟಿಗೇ ಇರಲಿ.

ಸೋಂಕು ತಗುಲಿದ್ದು ಎಲ್ಲಿ

ಅಧ್ಯಯನದ ತಿರುಳು ಇಲ್ಲಿದೆ. ವಲಸಿಗ ಹಕ್ಕಿಯಲ್ಲಿ ಕಂಡ ಪರಾವಲಂಬಿಯ ವಂಶವೇ (ಡಿಎನ್‌ಎ ಅನುಕ್ರಮದಿಂದ ಗುರುತಿಸಿದ ಬಗೆಯೇ) ಇಲ್ಲಿಂದ ಎಂದೂ ಕದಲದ ಗೊರವಂಕದಲ್ಲಿಯೂ ಕಂಡರೆ, ಆ ಪರಾವಲಂಬಿ ಇಲ್ಲಿ ಹರಡುತ್ತಿದೆ ಎನ್ನಲು ಬಲವಾದ ಆಧಾರ ಸಿಗುತ್ತದೆ. ವಲಸಿಗರಲ್ಲಿ ಮಾತ್ರ ಕಂಡು, ಬಂದ ವಾರಗಳಲ್ಲೇ ಮೊದಲ ವರ್ಷದ ಎಳೆಯ ಹಕ್ಕಿಗಳಲ್ಲಿಯೂ ಇದ್ದರೆ, ಅದು ಹುಟ್ಟಿದೂರಿನಲ್ಲಿ ಅಥವಾ ದಾರಿಯಲ್ಲಿ ತಗುಲಿರಬೇಕು. ಆದ್ದರಿಂದ ಗರಿಯ ಬಣ್ಣ ನೋಡಿ ವಯಸ್ಸನ್ನು ಬರೆಯುವುದು ಅನಿವಾರ್ಯ. ಗುಲಾಬಿ ಕಬ್ಬಕ್ಕಿಯ ಮರಿಗಳು ಮಾಸಲು ಕಂದು ಬಣ್ಣದಲ್ಲಿರುವುದರಿಂದ ನವೆಂಬರ್‌ವರೆಗೂ ಸುಲಭವಾಗಿ ಬೇರೆಯಾಗಿ ಕಾಣುತ್ತವೆ. ಗದ್ದೆಯ ಅಂಚಿನಲ್ಲಿ ಬೆಳಕಿನ ಬಲೆಯಿಟ್ಟು ಸೊಳ್ಳೆ, ನುಸಿಗಳನ್ನೂ ಹಿಡಿದು ಪರೀಕ್ಷಿಸಿದರೆ ವಾದ ಗಟ್ಟಿಯಾಗುತ್ತದೆ. ಕೀಟಗಳನ್ನು ಗುರುತಿಸಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರ ನೆರವು ಕೇಳಬಹುದು.

ದೂರದ ಹಕ್ಕಿಯ ಮೇಲೆ ಆತುರದ ಆರೋಪ ಸಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಅದರ ವೈರಸ್ಸು ರಷ್ಯಾದ ಉಣ್ಣೆ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರವಿದ್ದುದರಿಂದ ಸೈಬೀರಿಯಾದ ಹಕ್ಕಿಗಳು ಉಣ್ಣೆಗಳನ್ನು ತಂದವೇ ಎಂಬ ಸಂದೇಹ ಹುಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೊಂಡ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಗೆ ಈ ಸಂದೇಹವೂ ಪ್ರೇರಣೆಯಾಯಿತು. ಕಾಯಿಲೆಯು ಇಲ್ಲಿನ ಕಾಡಿನ ಉಣ್ಣೆ ಮತ್ತು ಸಣ್ಣ ಪ್ರಾಣಿಗಳ ನಡುವೆಯೇ ಉಳಿದುಬರುತ್ತದೆ ಎಂದು ಮುಂದೆ ತಿಳಿಯಿತು; ಆದರೆ ಆ ಯೋಜನೆಯಿಂದ ಭಾರತದ ವಲಸೆ ಹಕ್ಕಿಗಳ ಬಗ್ಗೆ ದೊರೆತ ತಿಳಿವಳಿಕೆ ಇಂದಿಗೂ ನಮ್ಮ ಆಸ್ತಿ.

ಲೆಕ್ಕ

ಹತ್ತರಲ್ಲಿ ಒಂದು ಹಕ್ಕಿಗೆ ಸೋಂಕಿರುವ ಹಿಂಡಿನಲ್ಲಿ ಒಂದನ್ನಾದರೂ ಕಾಣುವ ಸಂಭವ ಶೇ. 95 ಇರಬೇಕಾದರೆ 29 ಹಕ್ಕಿಗಳ ಮಾದರಿ ಬೇಕು. ಇಪ್ಪತ್ತರಲ್ಲಿ ಒಂದಕ್ಕಾದರೆ 59. ಮೂವತ್ತು ಹಕ್ಕಿಗಳಲ್ಲಿ ಒಂದಕ್ಕೂ ಸೋಂಕು ಕಾಣದಿದ್ದರೆ 'ಸೋಂಕಿಲ್ಲ' ಎಂದು ಬರೆಯದೆ, ಸೋಂಕು ಶೇ. 10ರವರೆಗೂ ಇರಬಹುದೆಂದು ಬರೆಯಬೇಕು: ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿದರೆ ಈ ಮೇಲ್ಮಿತಿ ಸಿಗುತ್ತದೆ. ಪ್ರತಿ ಹಕ್ಕಿಯ ಫಲಿತಾಂಶವನ್ನು ಇದೆ, ಇಲ್ಲ ಎಂದು ಇಟ್ಟುಕೊಂಡು, ದೂರ, ವಯಸ್ಸು, ತಿಂಗಳು, ಮೈತೂಕಗಳನ್ನು ಒಟ್ಟಿಗೆ ಲಾಜಿಸ್ಟಿಕ್ ಮಾದರಿಗೆ (ಇದೆ, ಇಲ್ಲ ಎಂಬ ಫಲಿತಾಂಶದ ಸಂಭವವನ್ನು ಅಂದಾಜಿಸುವ ಸಂಖ್ಯಾಶಾಸ್ತ್ರದ ಸೂತ್ರಕ್ಕೆ) ಕೊಡಿ. ಎರಡು ಮೂರು ಜೋಡಿಗಳಿಂದ ದೂರದ ಬಗ್ಗೆ ಸಾಮಾನ್ಯ ನಿಯಮ ಹೇಳಲು ಬರುವುದಿಲ್ಲ. ಅದಕ್ಕೆ ಹಲವು ಪ್ರಭೇದಗಳು ಬೇಕು, ಅವುಗಳ ವಂಶವೃಕ್ಷದ ಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಮ್ಮ ಜೋಡಿಗಳು ಅಂಥ ದೊಡ್ಡ ಹೋಲಿಕೆಗೆ ಸೇರಬೇಕಾದರೆ ವಿಧಾನ ಎಲ್ಲೆಡೆ ಒಂದೇ ಇರಬೇಕು, ಸೋಂಕಿಲ್ಲದ ಹಕ್ಕಿಗಳ ದಾಖಲೆಯೂ ಪ್ರಕಟವಾಗಬೇಕು.

ಸತ್ತ ಅಥವಾ ತೂಕಡಿಸುವ ಹಕ್ಕಿ ಸಿಕ್ಕರೆ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಸಾಧ್ಯತೆ ಯಾವಾಗಲೂ ಇದೆ. ಹಿಕ್ಕೆ ಎತ್ತುವಾಗ ಕೈಗವಸು, ಮುಖಗವಸು ಇರಲಿ, ಊರಿನ ಕೋಳಿಗಳ ಬಳಿ ಹೋಗುವ ಮುನ್ನ ಚಪ್ಪಲಿ ತೊಳೆಯಿರಿ. ಗಾಜುಗಳ ಮೇಲೆ ವಜ್ರದ ಲೇಖನಿಯಿಂದ ಸಂಖ್ಯೆ ಕೊರೆದು, ದಿನಾಂಕ, ಜಾಗ, ಪ್ರಭೇದ, ವಯಸ್ಸುಗಳ ಪಟ್ಟಿಯ ಒಂದು ಪ್ರತಿಯೊಂದಿಗೆ ವಿಭಾಗದ ಸಂಗ್ರಹದಲ್ಲಿಡಿ. ಅನುಕ್ರಮಗಳನ್ನು ದತ್ತಸಂಚಯಕ್ಕೆ ಸಲ್ಲಿಸುವಾಗ ಲೇಪದ ಸಂಖ್ಯೆಯನ್ನೂ ಸೇರಿಸಿದರೆ, ಮುಂದೆ ಯಾರಾದರೂ ಆ ವಂಶಕ್ಕೆ ಹೆಸರಿಡಲು ಹೊರಟಾಗ ಅದೇ ಗಾಜನ್ನು ತೆಗೆದು ನೋಡಬಹುದು.